ಒಂದೇ ‘ಬ್ಲಾಸ್ಟ್’ಗೆ ಮುಗ್ಗರಿಸಿದ ನ್ಯೂಸ್ ಆ್ಯಪ್: ವರ್ಷವಿಡೀ ದುಡ್ಡು ಕೊಟ್ಟು ಓದಿದವನ ರಿವ್ಯೂ

ಐದಕ್ಕೆ ಎರಡೂವರೆ ಸ್ಟಾರ್. ಅದರಲ್ಲಿ ಅರ್ಧ ಸ್ಟಾರ್ ನಮ್ಮಪ್ಪ ಕೊಟ್ಟಿದ್ದು, ಅದರ ಕತೆ ಆಮೇಲೆ.

ಆ್ಯಪ್ ಹೆಸರು ಬರೆಯುವುದಿಲ್ಲ. ಇಂಥವು ಈಗ ಸುಮಾರು ಇವೆ, ಎಲ್ಲದರ ಕೆಲಸವೂ ಒಂದೇ. ಇಂಗ್ಲಿಷ್ ಸುದ್ದಿಯನ್ನು ತಾನೇ ಕನ್ನಡಕ್ಕೆ ತಿರುಗಿಸಿ ಮೊಬೈಲ್‌ಗೆ ಕಳಿಸುವುದು. ಮಧ್ಯದಲ್ಲಿ ಮನುಷ್ಯರು ಯಾರೂ ಇಲ್ಲ. ನಾನು ಕೊಂಡಿದ್ದು ಅಪ್ಪನಿಗೆ. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು, ಊರ ಪಕ್ಕದಲ್ಲಿ ಎರಡು ಎಕರೆ ಗದ್ದೆ ಇದೆ. ಬೆಳಿಗ್ಗೆ ಕನ್ನಡ ಪೇಪರ್ ಪೂರ್ತಿ ಓದಿ, ಟೆಂಡರ್ ಜಾಹೀರಾತನ್ನೂ ಬಿಡದೆ ಮುಗಿಸಿ, ಇನ್ನೂ ಏನಾದರೂ ಇದೆಯಾ ಅಂತ ಹುಡುಕುವ ಜಾತಿ. “ಇಂಗ್ಲಿಷ್ ಪೇಪರಿನವರು ಏನೋ ಜಾಸ್ತಿ ಬರೀತಾರಂತಲ್ಲ, ಅದನ್ನ ಕನ್ನಡದಲ್ಲಿ ನೋಡೋಕಾಗತ್ತಾ” ಅಂತ ಒಂದು ಸಲ ಕೇಳಿದರು. ವರ್ಷಕ್ಕೆ 799 ರೂಪಾಯಿ. ಕಟ್ಟಿದೆ.

ಮೊದಲ ಎರಡು ತಿಂಗಳು ಯಾವ ದೂರೂ ಇರಲಿಲ್ಲ. ಆಮೇಲೆ ಒಂದು ದಿನ ಬೆಳಿಗ್ಗೆ ಆರೂಕಾಲಿಗೆ ಫೋನ್.

“ಏನೋ ಇದು, ತಮಿಳುನಾಡು ಕಡೆ ಭತ್ತದ ಗದ್ದೇಲಿ ಸ್ಫೋಟ ಆಗಿದೆಯಂತೆ. ಎಕರೆಗಟ್ಟಲೆ ಹೋಯ್ತು ಅಂತ ಬರೆದಿದ್ದಾರೆ. ಟಿವೀಲಿ ನೋಡಿದ್ರೆ ಯಾರೂ ತೋರಿಸ್ತಾನೇ ಇಲ್ಲ.”

ನಿದ್ದೆಗಣ್ಣಲ್ಲೇ ಆ್ಯಪ್ ತೆರೆದೆ. ಹೆಡ್ಡಿಂಗ್ ಹಾಗೇ ಇತ್ತು: ಭತ್ತದ ಬೆಳೆಗೆ ಸ್ಫೋಟ, ರೈತರು ಕಂಗಾಲು. ಒಳಗಿನದು ಇನ್ನೂ ಚೆನ್ನಾಗಿತ್ತು. ‘ಸ್ಫೋಟವು ಮೊದಲು ಎಲೆಗಳಲ್ಲಿ ಕಾಣಿಸಿಕೊಂಡು ನಂತರ ಕುತ್ತಿಗೆಗೆ ಹರಡುತ್ತದೆ.’ ಮೂಲ ಇಂಗ್ಲಿಷ್ ನೋಡಿದ ಮೇಲೆ ಅರ್ಥವಾಯಿತು. ಅದು ಬ್ಲಾಸ್ಟ್. ನಮ್ಮ ಬೆಂಕಿ ರೋಗ! ಶಿಲೀಂಧ್ರದಿಂದ ಬರುವ ರೋಗ. ಎಲೆ ಮೇಲೆ ಎರಡೂ ತುದಿ ಚೂಪಾದ ಚುಕ್ಕೆ, ನಡುವೆ ಬೂದಿ ಬಣ್ಣ, ಸುತ್ತ ಕಂದು ಅಂಚು. ಜಾಸ್ತಿಯಾದರೆ ಗದ್ದೆಗೆ ಗದ್ದೆಯೇ ಸುಟ್ಟ ಹಾಗೆ ಕಾಣುತ್ತದೆ. ತೆನೆಯ ಕುತ್ತಿಗೆಗೆ ಬಂತೋ, ಕಾಳೆಲ್ಲ ಜಳ್ಳು. ಮೋಡ ಮುಚ್ಚಿಕೊಂಡು, ರಾತ್ರಿ ತಂಪಾಗಿ, ಎಲೆ ಮೇಲೆ ಇಬ್ಬನಿ ಬಹಳ ಹೊತ್ತು ನಿಂತರೆ ಬರುತ್ತದೆ, ಯೂರಿಯಾ ಕೈತುಂಬ ಎರಚಿದ್ದರೆ ಇನ್ನೂ ಬೇಗ ಬರುತ್ತದೆ ಅಂತ ನನಗೆ ಹೇಳಿಕೊಟ್ಟವರೇ ಅಪ್ಪ. ಆ್ಯಪ್ ‘ಬೆಂಕಿ ರೋಗ’ ಅಂದಿದ್ದರೆ ಅವರು ನನಗೆ ಫೋನ್ ಮಾಡುತ್ತಲೇ ಇರಲಿಲ್ಲ, ನೇರ ಗದ್ದೆಗೆ ಹೋಗುತ್ತಿದ್ದರು.

ಅವತ್ತಿಂದ ನನಗೆ ಈ ಒಂದು ಪದದ ಹುಚ್ಚು ಹಿಡಿಯಿತು. ನಾನು ಹಿಂದೆ ನಾಲ್ಕು ವರ್ಷ ಒಂದು ಕನ್ನಡ ಪತ್ರಿಕೆಯ ಡೆಸ್ಕ್‌ನಲ್ಲಿದ್ದೆ. ರಾತ್ರಿ ಪಾಳಿ, ಸುದ್ದಿ ಏಜೆನ್ಸಿಯವರ ಇಂಗ್ಲಿಷ್ ಕಾಪಿ ಬಂದ ಹಾಗೆ ಕನ್ನಡ ಮಾಡಿ ಪೇಜಿಗೆ ಬಿಡುವುದು. ಬ್ಲಾಸ್ಟ್ ಇಲ್ಲದ ರಾತ್ರಿ ಇರಲಿಲ್ಲ. ಇಂಗ್ಲಿಷ್ ಹೆಡ್ಡಿಂಗ್ ಬರೆಯುವವರಿಗೆ ಈ ಪದ ಯಾಕೆ ಇಷ್ಟು ಪ್ರೀತಿ ಅಂದರೆ, ಜಾಗ. ಅಚ್ಚಿನ ಮೊಳೆ ಕಾಲದಲ್ಲಿ ಅವರು ಹೆಡ್ಡಿಂಗನ್ನು ಅಕ್ಷರದ ಅಗಲ ಎಣಿಸಿ ಬರೆಯುತ್ತಿದ್ದರು. ಸಾಮಾನ್ಯ ಸಣ್ಣಕ್ಷರಕ್ಕೆ ಒಂದು, ಐ, ಎಲ್, ಟಿ ಥರದ ತೆಳ್ಳನೆಯವಕ್ಕೆ ಅರ್ಧ, ಎಂ, ಡಬ್ಲ್ಯು ಥರದ ದಪ್ಪನೆಯವಕ್ಕೆ ಒಂದೂವರೆ. ಆ ಲೆಕ್ಕ ಹಾಕಿದರೆ ಬ್ಲಾಸ್ಟ್‌ಗೆ ಬರೀ ನಾಲ್ಕು. ಎಕ್ಸ್‌ಪ್ಲೋಷನ್‌ಗೆ ಎಂಟು. ಬ್ಲಾಸ್ಟ್‌ಗೆ ಅವರ ಹೆಡ್ಡಿಂಗ್‌ನಲ್ಲಿ ಬೈಯುವುದು ಅಂತಲೂ ಅರ್ಥ ಇದೆ, ಟೀಕಿಸು ಅನ್ನೋಕೆ ಇರುವ ಕ್ರಿಟಿಸೈಸ್‌ಗೆ ಏಳು. ಒಂದು ಕಾಲಂ ಸುದ್ದಿಗೆ ಬೇರೆ ಯೋಚನೆ ಬೇಕಾ? ಬೈಯೋಕೆ ಸ್ಲ್ಯಾಮ್, ತನಿಖೆಗೆ ಪ್ರೋಬ್, ಕಿತ್ತುಹಾಕೋಕೆ ಆ್ಯಕ್ಸ್, ಎಲ್ಲ ಇದೇ ಮನೆತನದ ಪದಗಳು. ಮೊಳೆ ಹೋಗಿ ಕಂಪ್ಯೂಟರ್ ಬಂತು, ಪದಗಳು ಮಾತ್ರ ಮನೆ ಖಾಲಿ ಮಾಡಲಿಲ್ಲ.

ನಾಮಪದ, ಕ್ರಿಯಾಪದ ಎರಡೂ ಆಗುವುದು ಅದರ ಇನ್ನೊಂದು ಗುಣ. ಗುಣವೋ ರೋಗವೋ. ‘ಶಾಲಾ ಸಮಾರಂಭದಲ್ಲಿ ಸಚಿವರ ಬ್ಲಾಸ್ಟ್’ ಅಂತ ಇಂಗ್ಲಿಷಿನಲ್ಲಿ ಹಾಕಿದರೆ ಸಚಿವರು ಬೈದರೋ, ಏನಾದರೂ ಸಿಡಿಯಿತೋ ಒಳಗೆ ಓದಿದರೇ ಗೊತ್ತಾಗುವುದು. ಹೀಗೆ ದಾರಿ ತಪ್ಪಿಸುವ ಹೆಡ್ಡಿಂಗ್‌ಗಳಿಗೆ ಅವರಲ್ಲೇ ಒಂದು ಹೆಸರಿದೆ, ಕ್ರ್ಯಾಶ್ ಬ್ಲಾಸಮ್ ಅಂತ. ಜಪಾನಿನ ವಿಮಾನ ಅಪಘಾತಕ್ಕೂ ಒಬ್ಬ ಪಿಟೀಲು ವಾದಕಿಗೂ ಸಂಬಂಧಿಸಿದ ಒಂದು ಹೆಡ್ಡಿಂಗ್‌ನಲ್ಲಿ ಅಪಘಾತ, ಅರಳು ಅನ್ನುವ ಈ ಎರಡು ಪದ ಅಕ್ಕಪಕ್ಕ ಬಂದು ಗೊಂದಲ ಮಾಡಿದ್ದರಿಂದ 2009ರಲ್ಲಿ ಹುಟ್ಟಿದ ಹೆಸರು. ಅಂದರೆ ಇಂಗ್ಲಿಷ್ ಓದುಗರೇ ಎಡವುವ ಜಾಗ ಇದು, ಮೆಷಿನ್ ಎಡವಿದ್ದಕ್ಕೆ ಪೂರ್ತಿ ಬೈಯಲೂ ಆಗುವುದಿಲ್ಲ.

ಆದರೂ 799 ರೂಪಾಯಿ ಕೊಟ್ಟಿದ್ದೇನೆ ಅಲ್ವಾ, ಪರೀಕ್ಷೆ ಮಾಡದೆ ಬಿಡೋಕಾಗತ್ತಾ. ಈ ಆ್ಯಪ್‌ನಲ್ಲಿ ನಾವೇ ಇಂಗ್ಲಿಷ್ ಸಾಲು ಹಾಕಿದರೂ ಕನ್ನಡ ಮಾಡಿಕೊಡುತ್ತದೆ. ಒಂದು ಭಾನುವಾರ ಕೂತು ಪೇಪರ್‌ಗಳಲ್ಲಿ ಬರುವ ಥರದ್ದೇ ಸಾಲುಗಳನ್ನು ಬರೆದು ಬರೆದು ಹಾಕಿದೆ. ರಾಕೆಟ್ ಶ್ರೀಹರಿಕೋಟಾದಿಂದ ‘ಬ್ಲಾಸ್ಟ್ ಆಫ್’ ಆಯಿತು ಅಂತ ಹಾಕಿದರೆ ‘ರಾಕೆಟ್ ಶ್ರೀಹರಿಕೋಟಾದಿಂದ ಸ್ಫೋಟಗೊಂಡಿತು’ ಅಂದಿತು. ಪಾಪ, 2023ರ ಜುಲೈ 14ರಂದು ಚಂದ್ರಯಾನ-3 ಹೊರಟಾಗ ಇದು ಇದ್ದಿದ್ದರೆ ಎಷ್ಟು ಮನೆಯಲ್ಲಿ ಅಳು ಹತ್ತಿಸುತ್ತಿತ್ತೋ. ಬೇಸಿಗೆ ಶಿಬಿರದಲ್ಲಿ ಮಕ್ಕಳು ‘ಹ್ಯಾಡ್ ಎ ಬ್ಲಾಸ್ಟ್’, ಅಂದರೆ ಮಜಾ ಮಾಡಿದರು ಅನ್ನುವುದು ‘ಮಕ್ಕಳು ಸ್ಫೋಟವನ್ನು ಹೊಂದಿದ್ದರು’ ಆಯಿತು. ಆಫೀಸಿನಲ್ಲಿ ಎಸಿ ‘ಫುಲ್ ಬ್ಲಾಸ್ಟ್’, ಅಂದರೆ ಜೋರಾಗಿ ಓಡುತ್ತಿತ್ತು ಅನ್ನುವುದು ‘ಎಸಿ ಪೂರ್ಣ ಸ್ಫೋಟದಲ್ಲಿತ್ತು’. ಇಂಗ್ಲೆಂಡಿನ ಕೌಂಟಿ ತಂಡಗಳು ಆಡುವ ಟಿ20 ಬ್ಲಾಸ್ಟ್ ಅನ್ನೋ ಟೂರ್ನಿ ಇದೆ, ಅದರ ಹೆಸರನ್ನೂ ಬಿಡದೆ ‘ಟಿ20 ಸ್ಫೋಟದಲ್ಲಿ ಸರ್ರೆಗೆ ಜಯ’. ಟೂರ್ನಿಯ ಹೆಸರು ಅನುವಾದ ಮಾಡುವ ವಸ್ತುವಲ್ಲ ಅಂತ ಯಾರು ಹೇಳಬೇಕು ಇದಕ್ಕೆ.

ನಗು ಬಾರದ್ದೂ ಒಂದಿತ್ತು. ರಕ್ತದ ಕ್ಯಾನ್ಸರ್ ಬಗ್ಗೆ ಬರೆಯುವಾಗ ಬ್ಲಾಸ್ಟ್ ಅಂದರೆ ಇನ್ನೂ ಬಲಿಯದ ಎಳೆ ಜೀವಕೋಶ. ಮೊಳಕೆ ಅನ್ನುವ ಗ್ರೀಕ್ ಪದದಿಂದ ಬಂದದ್ದು. ಸಿಡಿಯುವ ಬ್ಲಾಸ್ಟ್‌ಗೂ ಇದಕ್ಕೂ ನೆಂಟಸ್ತನವೇ ಇಲ್ಲ, ಕಾಗುಣಿತ ಒಂದೇ ಅಷ್ಟೆ. ಆ್ಯಪ್ ಇದನ್ನು ‘ರಕ್ತದಲ್ಲಿ ಸ್ಫೋಟಗಳ ಪ್ರಮಾಣ ಹೆಚ್ಚಾಗಿದೆ’ ಅಂತ ಕೊಟ್ಟಿತು. ಮನೆಯಲ್ಲಿ ರೋಗಿ ಇಟ್ಟುಕೊಂಡವರು ಓದಿದರೆ ಏನು ಗತಿ.

ಈಗ ರಾಜಕೀಯದ ಪುಟಕ್ಕೆ ಬರೋಣ, ನನ್ನ ನಿಜವಾದ ಸಿಟ್ಟು ಇಲ್ಲಿದೆ. ಇಂಗ್ಲಿಷ್ ಹೆಡ್ಡಿಂಗ್‌ನಲ್ಲಿ ಎಲ್ಲರೂ ಎಲ್ಲರನ್ನೂ ಬ್ಲಾಸ್ಟ್ ಮಾಡುತ್ತಾರೆ. ವಿರೋಧ ಪಕ್ಷ ಸರ್ಕಾರವನ್ನು, ಕೋರ್ಟ್ ಪಾಲಿಕೆಯನ್ನು, ಮಂತ್ರಿ ಎಂಜಿನಿಯರನ್ನು, ಮಾಜಿ ಆಟಗಾರ ಕೋಚನ್ನು. ಬೈಯುವವರು ಯಾರು, ಬೈಸಿಕೊಳ್ಳುವವರು ಯಾರು, ಅವರಲ್ಲಿ ಯಾರು ಮೇಲೆ ಯಾರು ಕೆಳಗೆ, ಇದು ಯಾವುದೂ ಆ ಪದದಲ್ಲಿ ಇಲ್ಲ. ಕನ್ನಡದ ಹೆಡ್ಡಿಂಗ್ ಹಾಗಲ್ಲ. ಕೋರ್ಟ್ ಬೈದರೆ ಅದು ಛೀಮಾರಿ, ಇಲ್ಲ ಚಾಟಿ. ಮಂತ್ರಿ ಅಧಿಕಾರಿಗಳಿಗೆ ಬೈದರೆ ತರಾಟೆ. ಅದೇ ಅಧಿಕಾರಿ ಮಂತ್ರಿಯನ್ನು ತರಾಟೆಗೆ ತೆಗೆದುಕೊಂಡ ಅಂತ ಯಾವತ್ತಾದರೂ ಓದಿದ್ದೀರಾ? ತರಾಟೆ ಮೇಲಿಂದ ಕೆಳಗೆ ಮಾತ್ರ ಹರಿಯುತ್ತದೆ, ಇಲ್ಲವೆಂದರೆ ಊರವರೆಲ್ಲ ಸೇರಿ ಶಾಸಕರನ್ನು ರಸ್ತೆಯಲ್ಲಿ ನಿಲ್ಲಿಸಿಕೊಂಡಾಗ. ವಿರೋಧ ಪಕ್ಷದ್ದು ವಾಗ್ದಾಳಿ. ಅದಕ್ಕೆ ಮಾರನೇ ದಿನ ಬರುವ ಉತ್ತರ ತಿರುಗೇಟು. ಮಾತು ಸ್ವಲ್ಪ ಬಿಸಿಯಾದರೆ ಕಿಡಿ, ಸಭೆಯಲ್ಲಿ ಮುಖ ಕೆಂಪಾದರೆ ಗರಂ, ರೈತರು ಡಿಸಿ ಕಚೇರಿ ಮುಂದೆ ಕೂತರೆ ಆಕ್ರೋಶ. ತಮ್ಮ ಪಕ್ಷದವರ ಮೇಲೇ ಏನಾದರೂ ಹೇಳಿ ಎಲ್ಲರನ್ನೂ ಇಕ್ಕಟ್ಟಿಗೆ ಸಿಕ್ಕಿಸಿದರೆ ‘ಹೊಸ ಬಾಂಬ್’. ಡೆಸ್ಕ್‌ಗೆ ಸೇರಿದ ಹೊಸದರಲ್ಲಿ ನಾನು ಹೈಕೋರ್ಟ್ ಸುದ್ದಿಗೆ ‘ಹೈಕೋರ್ಟ್ ತಿರುಗೇಟು’ ಅಂತ ಹಾಕಿಬಿಟ್ಟಿದ್ದೆ. ಡೆಸ್ಕ್ ನೋಡಿಕೊಳ್ಳುವ ಚೀಫ್ ಸಬ್ ಎಡಿಟರ್ ನನ್ನನ್ನು ಕರೆದು, “ಕೋರ್ಟು ಯಾರ ಜೊತೆಗಾದ್ರೂ ಜಗಳಕ್ಕೆ ಬಿದ್ದಿದೆಯೇನ್ರೀ” ಅಂತ ಕೇಳಿದ್ದರು. ಅದು ತರಾಟೆ. ನಾನು ತಿರುಗೇಟು ಕೊಡಲಿಲ್ಲ.

ಈ ಆ್ಯಪ್‌ಗೆ ಆ ಪುಟದಲ್ಲಿ ಗೊತ್ತಿರುವುದು ಎರಡೇ ಪದ. ಅರ್ಧ ದಿನ ‘ಸ್ಫೋಟಿಸಿದರು’, ಇನ್ನರ್ಧ ದಿನ ‘ಟೀಕಿಸಿದರು’. ‘ವಿರೋಧ ಪಕ್ಷದ ನಾಯಕರು ಸರ್ಕಾರವನ್ನು ಸ್ಫೋಟಿಸಿದರು’ ಅನ್ನುವ ಸಾಲನ್ನು ಅಪ್ಪ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದ್ದರಂತೆ. ‘ಟೀಕಿಸಿದರು’ ತಪ್ಪಲ್ಲ, ಆದರೆ ಉಪ್ಪಿಲ್ಲದ ಸಾರು. ಸುದ್ದಿಯ ಅರ್ಧ ಬಾಯಿರುಚಿ ಯಾರು ಯಾವ ದನಿಯಲ್ಲಿ ಬೈದರು ಅನ್ನುವುದರಲ್ಲೇ ಇರುತ್ತದೆ.

ನೋಟಿಫಿಕೇಶನ್ ಬಗ್ಗೆ ಹೇಳಲೇಬೇಕು. ಲಾಕ್ ಆದ ಪರದೆ ಮೇಲೆ ನಾಲ್ಕೈದು ಪದ ಮಾತ್ರ ಕಾಣುತ್ತದೆ, ಉಳಿದದ್ದು ಚುಕ್ಕೆ ಚುಕ್ಕೆ. ಐಪಿಎಲ್ ಸಮಯದಲ್ಲಿ ಒಂದು ಸಂಜೆ ‘ಬೆಂಗಳೂರು: ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸ್ಫೋಟ…’ ಅಂತ ಬಂದಿದೆ. ಆ ಚುಕ್ಕೆಗಳ ಹಿಂದೆ ಇದ್ದದ್ದು ಯಾರೋ ಬ್ಯಾಟರ್‌ನ ಅರ್ಧಶತಕ. ಅಮ್ಮ ನನಗೆ ಸತತ ಆರು ಸಲ ಫೋನ್ ಮಾಡಿದ್ದರು, ನಾನು ಮೆಟ್ರೋದಲ್ಲಿದ್ದೆ, ಕೇಳಿಸಲಿಲ್ಲ. ತೆಗೆದಾಗ ಅವರ ದನಿ ನಡುಗುತ್ತಿತ್ತು. ಅಮ್ಮನದು ಅತಿಯಾಯ್ತು ಅನ್ನಬೇಡಿ. ಅದೇ ಚಿನ್ನಸ್ವಾಮಿಯಲ್ಲಿ 2010ರ ಏಪ್ರಿಲ್ 17ರಂದು ಆರ್‌ಸಿಬಿ ಮತ್ತು ಮುಂಬೈ ಪಂದ್ಯಕ್ಕೆ ಸ್ವಲ್ಪ ಮುಂಚೆ ನಿಜವಾಗಿಯೂ ಬಾಂಬ್ ಸಿಡಿದಿತ್ತು.

ಈ ಪದ ಬೆಂಗಳೂರಿನಲ್ಲಿ ಹೇಗೆ ಎರಡು ಕಡೆ ದುಡಿಯುತ್ತದೆ ಅನ್ನೋಕೆ 2013ರ ಏಪ್ರಿಲ್‌ನ ಒಂದು ವಾರ ಸಾಕು. 17ನೇ ತಾರೀಕು ಮಲ್ಲೇಶ್ವರದಲ್ಲಿ ಬಿಜೆಪಿ ಕಚೇರಿ ಹತ್ತಿರ ಬೈಕ್‌ನಲ್ಲಿಟ್ಟ ಬಾಂಬ್ ಸಿಡಿಯಿತು. 23ನೇ ತಾರೀಕು ಚಿನ್ನಸ್ವಾಮಿಯಲ್ಲಿ ಕ್ರಿಸ್ ಗೇಲ್ ಪುಣೆ ವಾರಿಯರ್ಸ್ ಮೇಲೆ 66 ಎಸೆತದಲ್ಲಿ 175 ಹೊಡೆದ, 17 ಸಿಕ್ಸರ್, ನೂರು ಮುಟ್ಟಿದ್ದು ಬರೀ 30 ಎಸೆತಕ್ಕೆ. ಒಂದೇ ಊರು, ಆರು ದಿನದ ಅಂತರ, ಎರಡಕ್ಕೂ ಬ್ಲಾಸ್ಟ್ ಅನ್ನಬಹುದು. ನಮ್ಮಲ್ಲೂ ‘ಸ್ಫೋಟಕ ಬ್ಯಾಟಿಂಗ್’ ಅಂತೇವೆ, ಸುಳ್ಳು ಯಾಕೆ ಹೇಳಲಿ. ಆದರೆ ‘ಸ್ಫೋಟಕ’ಕ್ಕೂ ‘ಸ್ಫೋಟ’ಕ್ಕೂ ಮಧ್ಯೆ ಒಂದು ‘ಕ’ ಇದೆ, ಆ ಒಂದು ಅಕ್ಷರ ಇದ್ದಿದ್ದರೆ ನಮ್ಮಮ್ಮನ ಬಿಪಿ ಏರುತ್ತಿರಲಿಲ್ಲ.

ನಿಜವಾದ ಸ್ಫೋಟದ ಸುದ್ದಿಯಲ್ಲಿ ಆ್ಯಪ್ ಚೆನ್ನಾಗಿದೆ, ಅದನ್ನೂ ಬರೆಯಬೇಕು. ಇಂಗ್ಲಿಷಿನವರ ಬ್ಲಾಸ್ಟ್ ಕೂಡ ಅಲ್ಲಿ ಪ್ರಾಮಾಣಿಕ ಪದ. ಯಾಕೆ ಅಂದರೆ ಕಾರಣ ಗೊತ್ತಿಲ್ಲದಾಗ ಏನನ್ನೂ ಊಹಿಸದೆ ಹೇಳಬಹುದು. 2024ರ ಮಾರ್ಚ್ 1ರಂದು ರಾಮೇಶ್ವರಂ ಕೆಫೆಯಲ್ಲಿ ಮಧ್ಯಾಹ್ನ ಸದ್ದಾದಾಗ ಮೊದಲು ಎಲ್ಲರ ಬಾಯಲ್ಲೂ ಸಿಲಿಂಡರ್ ಇರಬೇಕು ಅಂತ. ಅವತ್ತೇ ಆಮೇಲೆ ಅದು ಬ್ಯಾಗ್‌ನಲ್ಲಿಟ್ಟ ಐಇಡಿ, ಅಂದರೆ ಕೈಯಲ್ಲೇ ತಯಾರಿಸಿದ ಬಾಂಬ್ ಅಂತ ಗೊತ್ತಾಯಿತು. ಆ ನಡುವಿನ ಹೊತ್ತಲ್ಲಿ ‘ಸಿಲಿಂಡರ್ ಸ್ಫೋಟ’ ಅಂತ ಬರೆದವರು ತಪ್ಪಿದರು, ಬರೀ ‘ಸ್ಫೋಟ’ ಅಂದವರು ಉಳಿದರು.

ನಮ್ಮ ಮನೆಯಲ್ಲಿ ಆ ಪದಕ್ಕೆ ತೂಕ ಬೇರೆಯೇ ಇದೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಹತ್ತಿರ ಹುಣಸೋಡಿನಲ್ಲಿ ಕಲ್ಲು ಕ್ವಾರಿಗೆ ಬಂದಿದ್ದ ಸ್ಫೋಟಕ ಸಿಡಿದಾಗ ಭದ್ರಾವತಿಯ ನಮ್ಮ ಮನೆಯ ಕಿಟಕಿ ಗಡಗಡ ಅಂದಿತ್ತು. ಭೂಕಂಪ ಅಂದುಕೊಂಡು ಬೀದಿಯವರೆಲ್ಲ ಹೊರಗೆ ಬಂದು ನಿಂತಿದ್ದರು. ಅಪ್ಪ ಮಾತ್ರ, “ಇದು ಭೂಮಿ ಅಲ್ಲ, ಗಾಳಿ ದೂಕಿದ್ದು” ಅಂದರಂತೆ. ಅಂಥ ರಾತ್ರಿ ನೋಡಿದವರ ಮೊಬೈಲ್‌ಗೆ ದಿನಕ್ಕೆ ಮೂರು ಸಲ ಸುಮ್ನೆ ‘ಸ್ಫೋಟ’ ಕಳಿಸಬಾರದು.

ಗಾಳಿ ಅಂದೆನಲ್ಲ, ಅಪ್ಪನ ಅರ್ಧ ಸ್ಟಾರ್ ಬಂದಿದ್ದು ಅಲ್ಲಿಂದ. ಇಂಗ್ಲಿಷಿನಲ್ಲಿ ಬ್ಲಾಸ್ಟ್ ಹುಟ್ಟಿದ್ದು ಸಿಡಿಯುವ ಪದವಾಗಿ ಅಲ್ಲ. ಹಳೇ ಇಂಗ್ಲಿಷಿನಲ್ಲಿ ಅದಕ್ಕೆ ಬೀಸುವ ಗಾಳಿ ಅಂತ ಅರ್ಥ. ಆಮೇಲೆ ಕಹಳೆ ಊದಿದ ಸದ್ದು, ಕುಲುಮೆಗೆ ಊದಿದ ಗಾಳಿ. ಸಿಡಿಮದ್ದಿನ ಅರ್ಥ ಬಂದಿದ್ದು ಎಷ್ಟೋ ಕಾಲದ ಮೇಲೆ. ಭದ್ರಾವತಿಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾದಾಗಿಂದ ಊರಿಗೆ ಬ್ಲಾಸ್ಟ್ ಅಂದರೆ ಬ್ಲಾಸ್ಟ್ ಫರ್ನೇಸ್, ಅದಿರಿನಿಂದ ಕಬ್ಬಿಣ ತೆಗೆಯುವ ದೊಡ್ಡ ಕುಲುಮೆ. ಕಾದ ಗಾಳಿಯನ್ನು ಒಳಗೆ ಊದುತ್ತಾ ಇರಬೇಕು, ನಿಂತರೆ ಕಷ್ಟ. ‘ಆನ್ ಬ್ಲಾಸ್ಟ್’ ಅಂದರೆ ಗಾಳಿ ಹೋಗ್ತಾ ಇದೆ, ಕೆಲಸ ನಡೀತಾ ಇದೆ. ‘ಆಫ್ ಬ್ಲಾಸ್ಟ್’ ಅಂದರೆ ನಿಂತಿದೆ. ರಾಕೆಟ್‌ನವರಿಗೆ ಬ್ಲಾಸ್ಟ್ ಆಫ್ ಅಂದರೆ ಹೊರಟಿತು, ಅಪ್ಪನಿಗೆ ಆಫ್ ಬ್ಲಾಸ್ಟ್ ಅಂದರೆ ಕೈಕಟ್ಟಿ ಕೂತೆವು.

ಒಂದು ಉಕ್ಕಿನ ಕಾರ್ಖಾನೆ ಸುದ್ದಿಯಲ್ಲಿ ಈ ಆ್ಯಪ್ ಬ್ಲಾಸ್ಟ್ ಫರ್ನೇಸನ್ನು ‘ಊದುಕುಲುಮೆ’ ಅಂತ ಬರೆದಿತ್ತು. ನಾನು ‘ಸ್ಫೋಟದ ಒಲೆ’ ಬರುತ್ತದೆ ಅಂತ ಕಾಯುತ್ತಿದ್ದೆ. ಅಪ್ಪ ಅಷ್ಟು ವರ್ಷ ಅದರ ಪಕ್ಕದಲ್ಲೇ ಕೆಲಸ ಮಾಡಿದರೂ ಒಂದು ದಿನವೂ ಆ ಪದ ಆಡಿದವರಲ್ಲ, ಪಾಠದ ಪುಸ್ತಕದ ಪದ ಅದು. ಆದರೆ ಓದಿ ಖುಷಿಪಟ್ಟರು. “ಊದೋ ಕುಲುಮೆ. ಸರಿಯಾಗೇ ಹೇಳಿದೆ ನೋಡು, ಎಷ್ಟು ಕೊಡಬೇಕು ಸ್ಟಾರು?” ಅಂತ ಕೇಳಿದರು. ಅರ್ಧ ಕೊಡೋಣ ಅಂದೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಅಕ್ಷರ ದೊಡ್ಡದು ಮಾಡಬಹುದು, ಕನ್ನಡಕ ಇಲ್ಲದೆ ಅಪ್ಪ ಓದುತ್ತಾರೆ. ದುಡ್ಡು ಕಟ್ಟಿದ ಮೇಲೆ ಜಾಹೀರಾತು ಇಲ್ಲ. ಓದಿ ಹೇಳುವ ದನಿ ಹೆಣ್ಣಿನದು, ಒತ್ತಕ್ಷರ ನುಂಗುತ್ತದೆ. ವಿದೇಶ, ವಾಣಿಜ್ಯದ ಪುಟ ಪರವಾಗಿಲ್ಲ. ಕೃಷಿ, ಆರೋಗ್ಯ ಎರಡನ್ನೂ ನಂಬಬೇಡಿ, ಅದಕ್ಕೆ ನಿಮ್ಮ ರೈತ ಸಂಪರ್ಕ ಕೇಂದ್ರ ಇದೆ, ಡಾಕ್ಟರ್ ಇದ್ದಾರೆ. ಕ್ರೀಡೆಯ ನೋಟಿಫಿಕೇಶನ್ ಆಫ್ ಮಾಡಿಬಿಡಿ.

ಕಂಪನಿಗೆ ಬರೆದೆ, ಉದ್ದಕ್ಕೆ, ಉದಾಹರಣೆ ಕೊಟ್ಟು. ಭತ್ತಕ್ಕೆ ಬಂದರೆ ಬೆಂಕಿ ರೋಗ, ಕೋರ್ಟ್ ಆದರೆ ಛೀಮಾರಿ, ರಾಕೆಟ್ ಆದರೆ ಹಾರಿತು, ಹೀಗೆ ಹದಿನಾಲ್ಕು ಸಾಲು. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಅಂತ ಉತ್ತರ ಬಂತು, ಇಂಗ್ಲಿಷಿನಲ್ಲಿ. ಎರಡು ತಿಂಗಳ ಮೇಲೆ ಒಂದು ಅಪ್‌ಡೇಟ್ ಬಂತು. ಆಮೇಲಿಂದ ಸ್ಫೋಟ ಪೂರ್ತಿ ಮಾಯ. ಈಗ ಎಲ್ಲ ಕಡೆ ‘ಬ್ಲಾಸ್ಟ್’ ಅಂತಲೇ ಬರುತ್ತದೆ. ‘ಭತ್ತಕ್ಕೆ ಬ್ಲಾಸ್ಟ್’, ‘ಅಧಿಕಾರಿಗಳಿಗೆ ಸಚಿವರ ಬ್ಲಾಸ್ಟ್’, ‘ಚಿನ್ನಸ್ವಾಮಿಯಲ್ಲಿ ಬ್ಲಾಸ್ಟ್’. ಊದುಕುಲುಮೆಯೂ ಹೋಯಿತು.

ಅಪ್ಪನಿಗೆ ಫೋನ್ ಮಾಡಿ ವಿಷಯ ಹೇಳಿದೆ. “ಈಗ ಸರಿಹೋಯ್ತು ಬಿಡು, ನಮ್ಮ ಟಿವಿಯವರ ಹಾಗೇ ಮಾತಾಡೋಕೆ ಕಲಿತಿದೆ” ಅಂದರು. ಮೊಬೈಲ್ ಬ್ಲಾಸ್ಟ್, ಗೀಸರ್ ಬ್ಲಾಸ್ಟ್, ಎರಡು ವರ್ಷ ಬಿಡದೆ ಕೊರೊನಾ ಬ್ಲಾಸ್ಟ್, ಎಲ್ಲ ನೋಡಿದವರು ಅವರು. ರಿನ್ಯೂ ಮಾಡಿಸಲಾ ಅಂತ ಕೇಳಿದೆ. ಬೇಡ ಅಂದರು. ಆಮೇಲೆ, ಕೊಟ್ಟ ಅರ್ಧ ಸ್ಟಾರ್ ವಾಪಸ್ ತಗೋಬಹುದಾ ಅಂತ ಕೇಳಿದರು. ಇರಲಿ ಬಿಡಿ ಅಂದೆ.